ಪಿಮ್‌ನ ಅಪ್ಪನಿಗೆ ಚೀನೀ ಬರುವುದಿಲ್ಲ

ತಿಯಾನ್‌ಜಿನ್‌ನ ಆ ಹಳೆಯ ವಠಾರದಲ್ಲಿ ನಾಯಿಗಳಿಗೆ ಹೆಸರಿತ್ತು, ಮನುಷ್ಯರಿಗೆ ಇರಲಿಲ್ಲ. ಇದ್ದರೂ ಯಾರೂ ಕೇಳುತ್ತಿರಲಿಲ್ಲ. ಮೂರನೆಯ ಮಹಡಿಯ ಹೆಂಗಸು ಒಂದು ಕಾಲಕ್ಕೆ ದೊಡ್ಡ ಡಾಕ್ಟರಾಗಿದ್ದವಳು, ಎಷ್ಟೋ ಜನರ ಹೊಟ್ಟೆ ಕುಯ್ದು ಮತ್ತೆ ಹೊಲಿದವಳು. ಈಗ ಅವಳು ತಾಂಗ್‌ಯುವಾನ್‌ನ ಅಮ್ಮ, ಅಷ್ಟೆ. ತಾಂಗ್‌ಯುವಾನ್ ಎಂದರೆ ಅಕ್ಕಿಹಿಟ್ಟಿನ ಸಿಹಿ ಉಂಡೆ. ಅವಳ ಬಿಳಿ ಗುಂಗುರುಕೂದಲಿನ ನಾಯಿಯೂ ಹಾಗೇ ಗುಂಡಗಿತ್ತು. ನಾಲ್ಕು ಕಾಲಿಗೂ ಕೆಂಪು ಬೂಟು ಹಾಕಿಕೊಂಡು ನೆಲಕ್ಕೆ ಉಪಕಾರ ಮಾಡುವಂತೆ ಹೆಜ್ಜೆ ಇಡುತ್ತಿತ್ತು. ಹೀಗಿರುವಾಗ ಬೆಲ್ಜಿಯಂ ದೇಶದಿಂದ ಬಂದು ಐದನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಯೋರಿಸ್, ಪಿಮ್‌ನ ಅಪ್ಪ ಆದದ್ದರಲ್ಲಿ ವಿಶೇಷವೇನೂ ಇರಲಿಲ್ಲ.

ಯೋರಿಸ್‌ಗೆ ಮಾತ್ರ ಅದು ವಿಶೇಷವಾಗಿ ಕಂಡಿತು. ಅವನ ಜೊತೆಯ ವಿದೇಶೀಯರೆಲ್ಲ ನದಿಯಾಚೆಯ ಗಾಜಿನ ಗೋಪುರಗಳಲ್ಲಿ ಇದ್ದುಕೊಂಡು, ತಮ್ಮತಮ್ಮಲ್ಲೇ ಚೀಸು ಹಂಚಿಕೊಂಡು ದಿನ ಕಳೆಯುತ್ತಿದ್ದರು. ಯೋರಿಸ್ ಹಾಗಲ್ಲ, ನಿಜವಾದ ಚೀನಾದಲ್ಲಿದ್ದ. ನಿಜವಾದ ಚೀನಾ ಎಂದರೆ ಲಿಫ್ಟ್ ಇಲ್ಲದ ಐದನೆಯ ಮಹಡಿ ಎಂದು ಅವನ ಎಣಿಕೆ. ಐದು ವರ್ಷ ಗಂಟಲು ಹರಿಯುವಂತೆ ಚೀನೀ ಭಾಷೆ ಕಲಿತು, ಮೇಲಿನ ದರ್ಜೆಯ ಪರೀಕ್ಷೆ ಪಾಸು ಮಾಡಿ, ಅದರ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ, ಬಂದವರ ಕಣ್ಣಿಗೆ ಮೊದಲು ಬೀಳುವ ಕಡೆ ತೂಗುಹಾಕಿದ್ದ. ಕೆಲಸ ಬಾಟಲಿ ಕಾರ್ಖಾನೆಯಲ್ಲಿ, ಗುಣಮಟ್ಟ ನೋಡುವುದು. ಗಾಜಿನೊಳಗೆ ಸಾಸಿವೆಯಷ್ಟು ಗುಳ್ಳೆ ಕಂಡರೂ ಬಾಟಲಿಯನ್ನು ಪಕ್ಕಕ್ಕೆ ಎತ್ತಿಡುವವನು. ಅಂಥವನ ಬಾಯಲ್ಲಿ ಸುಳ್ಳು ಹುಟ್ಟುವುದಾದರೂ ಹೇಗೆ?

ಪಿಮ್ ಮರಿಯಾಗಿದ್ದಾಗ ಸಿಕ್ಕಿದ್ದು ಮೀನು ಮಾರುಕಟ್ಟೆಯ ಹಿಂಭಾಗದಲ್ಲಿ, ಐಸಿನ ಪೆಟ್ಟಿಗೆಗಳ ಸಂದಿಯಲ್ಲಿ. ಬೆಳೆದ ಮೇಲೆ ನೋಡಿದರೆ ಹಳದಿ ಮೈ, ಸುರುಳಿ ಬಾಲ, ನೆಟ್ಟಗಿನ ಕಿವಿ. ಆ ಸೀಮೆಯ ಯಾವ ಹಳ್ಳಿಗೆ ಹೋದರೂ ಜೋಳದ ತೆನೆರಾಶಿಯ ಪಕ್ಕ ಬಿಸಿಲು ಕಾಯಿಸುತ್ತ ಮಲಗಿರುವ ನಾಡನಾಯಿ, ಇನ್ನೊಂದಲ್ಲ.

ಬೆಳಿಗ್ಗೆ ವಠಾರದ ಗೇಟಿನ ಬಳಿ ಹೆಸರುಹಿಟ್ಟಿನ ದೋಸೆಯ ಗಾಡಿ ನಿಲ್ಲುತ್ತಿತ್ತು. ಮೊಟ್ಟೆಯನ್ನು ಮನೆಯಿಂದಲೇ ತರುವುದು ಅಲ್ಲಿನ ರೂಢಿ. ಒಂದು ಕೈಯಲ್ಲಿ ಮೊಟ್ಟೆ, ಇನ್ನೊಂದು ಕೈಯಲ್ಲಿ ನಾಯಿಯ ಹಗ್ಗ ಹಿಡಿದು ಎಲ್ಲರೂ ಸಾಲು ನಿಲ್ಲುತ್ತಿದ್ದರು.

"ಪಿಮ್‌ನ ಅಪ್ಪ, ನಿನ್ನ ನಾಯಿ ಏನು ಗತ್ತಪ್ಪ! ನಿಮ್ಮ ದೇಶದ ತಳಿನಾ?" ಎಂದು ತಾಂಗ್‌ಯುವಾನ್‌ನ ಅಮ್ಮ ಮೊದಲ ಸಲ ಕೇಳಿದಾಗ ಯೋರಿಸ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಊರಲ್ಲಿ ಮುದುಕಿಯರೂ ಅಕ್ಕಂದಿರೇ.

"ಅಲ್ಲ ಅಕ್ಕ. ಮೀನು ಮಾರ್ಕೆಟ್ ಹಿಂದೆ ಸಿಕ್ಕಿದ್ದು. ನಿಮ್ಮೂರಿಂದೇ, ಬೀದಿ ನಾಯಿ."

"ಅಯ್ಯಯ್ಯೋ, ಏನು ವಿನಯ! ಕೇಳಿದ್ರಾ ತ್ಸಾಯ್ ತಾತ?"

ಹಕ್ಕಿ ಪಂಜರ ಹಿಡಿದು ನಿಂತಿದ್ದ ತ್ಸಾಯ್ ತಾತ ತಲೆದೂಗಿದ. "ಕೇಳ್ದೆ, ಕೇಳ್ದೆ. ನಮ್ಮೋರಿಗಿಂತ ನಮ್ಮೋನಾಗ್ಬಿಟ್ಟ. ಹೊಗಳಿದ್ರೆ ಒಪ್ಕೊಳ್ಳೋದೇ ಇಲ್ಲ."

"ವಿನಯ ಅಲ್ಲ, ನಿಜ!" ಎಂದ ಯೋರಿಸ್.

"ನೋಡಿ, ವಿನಯಾನೂ ಅಲ್ಲವಂತೆ!" ಎಂದು ಸಾಲಿಗೆ ಸಾಲೇ ನಕ್ಕಿತು.

ಮೂರು ವರ್ಷ ಹೀಗೇ ನಡೆಯಿತು. ಅವನು ಬೀದಿ ನಾಯಿ ಎಂದಷ್ಟೂ ಪಿಮ್‌ನ ಕುಲ ಮೇಲೇರುತ್ತಿತ್ತು. ಕೊನೆಗೆ ಅದು ಯಾವುದೋ ಅರಮನೆಯ ಬೇಟೆನಾಯಿಯ ಮೊಮ್ಮಗ ಎಂಬಲ್ಲಿಗೆ ಬಂದು ನಿಂತಿತು. ಯೋರಿಸ್ ಒಳಗೊಳಗೇ ಮರುಗಿದ. ಪಾಪ, ವಿದೇಶದ ವ್ಯಾಮೋಹ! ಬಿಳಿಯನೊಬ್ಬ ಹಗ್ಗ ಹಿಡಿದಿದ್ದಾನೆ ಎಂದ ಮಾತ್ರಕ್ಕೆ ತಮ್ಮ ಹಳ್ಳಿಯ ನಾಯಿಯನ್ನೇ ಗುರುತಿಸಲಾರದ ಜನ. ತನ್ನ ದೇಶದ ಘೆಂಟ್ ಊರಿನಲ್ಲಿದ್ದ ಒಡಹುಟ್ಟಿದ ಅಕ್ಕನಿಗೆ ಫೋನಿನಲ್ಲಿ ಇದನ್ನು ಹೇಳಿ, ಇಬ್ಬರೂ ದೊಡ್ಡ ಮನಸ್ಸಿನಿಂದ ನಿಟ್ಟುಸಿರು ಬಿಡುತ್ತಿದ್ದರು.

ಹೀಗಿರಲು ಒಂದು ದಿನ ಗೇಟಿನ ಗೋಡೆಗೆ ವಾರ್ಡ್ ಕಚೇರಿಯ ಪ್ರಕಟಣೆ ಅಂಟಿತು. ವಠಾರದ ನಾಯಿಗಳನ್ನೆಲ್ಲ ಶನಿವಾರ ಅಂಗಳದಲ್ಲಿ ನೋಡಿ ದಾಖಲು ಮಾಡುತ್ತಾರೆ. ಸಾಕಬಾರದ ತಳಿಯಾದರೆ ಆಗಲೇ ಗಾಡಿಗೆ ಹತ್ತಿಸಿ ಊರಾಚೆಗೆ ಒಯ್ಯುತ್ತಾರೆ. ಸಾಕಬಾರದ ತಳಿಗಳಲ್ಲಿ ದೊಡ್ಡ ದೊಡ್ಡ ಕಚ್ಚುನಾಯಿಗಳ ಹೆಸರಿದ್ದವು. ಕೊನೆಗೆ, ಮರೆತು ಸೇರಿಸಿದಂತೆ, ನಾಡನಾಯಿ.

ಯೋರಿಸ್ ಓದಿದ. ಅವನಿಗೆ ಅರ್ಥವಾಗದ ಅಕ್ಷರ ಒಂದೂ ಇರಲಿಲ್ಲ. ಪಿಮ್ ಅದೇ ಗೋಡೆಯ ಬುಡ ಮೂಸಿ, ಕಾಲೆತ್ತಿ, ತನ್ನ ಅಭಿಪ್ರಾಯ ದಾಖಲು ಮಾಡಿತು.

ಬೇರೆ ಯಾರಾದರೂ ಆಗಿದ್ದರೆ ಬಾಯಿ ಮುಚ್ಚಿಕೊಂಡು ಇದ್ದುಬಿಡುತ್ತಿದ್ದರು. ಯೋರಿಸ್ ಪ್ರಾಮಾಣಿಕ. ಇದ್ದದ್ದನ್ನು ಎಲ್ಲರ ಮುಂದೆ ಹೇಳಿ, ನಾಯಿ ಸಾಧು ಎಂದು ನೆರೆಯವರಿಂದ ಸಾಕ್ಷಿ ಹೇಳಿಸಿ, ನ್ಯಾಯವಾಗಿ ವಿನಾಯಿತಿ ಕೇಳಬೇಕೆಂದು ಹೊರಟ. ಮೊದಲು ತ್ಸಾಯ್ ತಾತನ ಬಾಗಿಲು ತಟ್ಟಿದ.

"ತಾತ, ಪಿಮ್ ನಾಡನಾಯಿ. ಇದು ನಿಮಗೆ ಗೊತ್ತಾಗಬೇಕು."

"ಹಾಂ? ಊಟ ಆಯ್ತಾ?"

"ನಾಡನಾಯಿ, ತಾತ! ನಿಮ್ಮ ಹಳ್ಳಿಗಳಲ್ಲಿ ಇರುತ್ತಲ್ಲ, ಅದು!"

ತಾತ ಹೋಗಿ ರೇಡಿಯೋದಲ್ಲಿ ಬರುತ್ತಿದ್ದ ನಾಟಕದ ಹಾಡನ್ನು ಜೋರು ಮಾಡಿದ. "ಕಿವಿ ಹೋಗಿದೆ ಕಣಪ್ಪ, ಪೂರ್ತಿ ಹೋಗಿದೆ!" ಎಂದು ಬಾಗಿಲು ಹಾಕಿಕೊಂಡ. ಮಹಡಿ ಮೇಲೆ ಹಕ್ಕಿ ಕೆಮ್ಮಿದರೂ ಕೇಳಿಸುವ ಕಿವಿ ಅದು.

ತಾಂಗ್‌ಯುವಾನ್‌ನ ಅಮ್ಮ ಅವನು ಬಾಯಿ ತೆರೆದ ಕೂಡಲೇ ಅದರೊಳಗೆ ಮರಸೇಬಿನ ಹೋಳು ತುರುಕಿದಳು. ಅದನ್ನು ಅಗಿದು ಮುಗಿಸುವಷ್ಟರಲ್ಲಿ ಇನ್ನೊಂದು. "ಎಲೆಕೋಸು ಅಗ್ಗವಾಗಿದೆ, ಕೊಂಡು ಇಟ್ಕೋ. ಚಳಿಗಾಲಕ್ಕೆ ಬೇಕಾಗುತ್ತೆ" ಎಂದು ಬೆನ್ನು ತಟ್ಟಿ ಮೆಟ್ಟಿಲು ಇಳಿಸಿದಳು.

ಕೆಳಗಿನ ಮನೆಗಳಲ್ಲೂ ಇದೇ ಕಥೆ. ಒಬ್ಬರಿಗೆ ಹಲ್ಲುನೋವು, ಒಬ್ಬರ ಒಲೆಯ ಮೇಲೆ ಹಾಲು. ಯೋರಿಸ್‌ನ ಎದೆ ಒಡೆದುಹೋಯಿತು. ಮೂರು ವರ್ಷ ಅರಮನೆಯ ನಾಯಿ ಎಂದು ಮೆರೆಸಿದವರು, ಬಡವರ ನಾಯಿ ಎಂದು ತಿಳಿದ ಕೂಡಲೇ ಹೇಗೆ ಮುಖ ತಿರುಗಿಸಿದರು! ಅವನು ಸೋಫಾದ ಮೇಲೆ ಪಿಮ್‌ನನ್ನು ತಬ್ಬಿಕೊಂಡು ಕುಳಿತ. ಪಿಮ್ ಅವನ ಕಿವಿ ನೆಕ್ಕಿ, ಅವನ ಕಾಲುಚೀಲ ಕಚ್ಚಿಕೊಂಡು ಹೋಯಿತು.

ಶುಕ್ರವಾರ ಬೆಳಿಗ್ಗೆ ಮೆಂಗ್ ಅಕ್ಕ ಬಂದಳು. ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡು ವಠಾರದ ಕಸ, ಜಗಳ, ಸೈಕಲ್ಲು ಎಲ್ಲಕ್ಕೂ ಹೇಳುವವಳು ಕೇಳುವವಳು ಅವಳೇ. ಥರ್ಮಾಸ್ ಕಾರ್ಖಾನೆಯಿಂದ ನಿವೃತ್ತಿಯಾದವಳು; ಒಳಗೆ ಬಿಸಿ, ಹೊರಗೆ ತಣ್ಣಗೆ. ಐದು ಮಹಡಿ ಹತ್ತಿ ಬಂದವಳು ಏದುಸಿರು ಬಿಡುತ್ತ, ಗೋಡೆಯ ಮೇಲಿನ ಪರೀಕ್ಷೆಯ ಪತ್ರವನ್ನು ನೋಡಿದಳು.

"ನೀನು ನಮ್ಮ ಭಾಷೆ ಚೆನ್ನಾಗಿ ಕಲಿತೆ. ಕಲೀಬಾರ್ದಿತ್ತು."

"ಯಾಕೆ ಅಕ್ಕ?"

"ನಾಳೆ ಸಾಹೇಬ್ರು ಬಂದಾಗ ನಿನಗೆ ಚೀನೀ ಬರಲ್ಲ. ತಿಳೀತಾ? ಒಂದು ಮಾತೂ ಬರಲ್ಲ."

"ನಾನು ಸುಳ್ಳು ಹೇಳೋನಲ್ಲ."

"ಸುಳ್ಳು ಹೇಳು ಅಂದೋರು ಯಾರು? ಸುಳ್ಳು ಹೇಳೋಕೆ ನಾವಿಲ್ವಾ? ನೀನು ಸುಮ್ನೆ ನಿಂತ್ಕೋ. ಮನೆ ಮನೆ ಬಾಗಿಲು ತಟ್ಟಿ ನಾಡನಾಯಿ ನಾಡನಾಯಿ ಅಂತ ಸಾರ್ತಾ ಇದೀಯಲ್ಲ, ಕೇಳಿಸ್ಕೊಂಡ ಮೇಲೆ ನಾಳೆ ಜನ ಗೊತ್ತಿಲ್ಲ ಅನ್ನೋದು ಹೇಗೋ?"

ಯೋರಿಸ್ ದಂಗಾದ. "ಅಂದ್ರೆ... ನಿಮಗೆಲ್ಲ ಮೊದಲೇ ಗೊತ್ತಿತ್ತಾ?"

ಮೆಂಗ್ ಅಕ್ಕ ಕುರ್ಚಿಯ ಮೇಲೆ ಕುಳಿತೇಬಿಟ್ಟಳು. "ಅಪ್ಪಾ, ನಾನು ಎದ್ದು ನಡೆಯೋಕೆ ಕಲಿತದ್ದೇ ಇಂಥದ್ರ ಬಾಲ ಹಿಡ್ಕೊಂಡು. ತ್ಸಾಯ್ ತಾತನ ಮನೇಲಿ ಒಂದು ಹಿಂಡೇ ಇತ್ತು. ನಾವು ಹಳ್ಳಿ ಬಿಟ್ಟಿರಬಹುದು, ಕಣ್ಣನ್ನ ಅಲ್ಲೇ ಬಿಟ್ಟು ಬಂದಿಲ್ಲ."

"ಮತ್ತೆ ಅರಮನೆ, ಬೇಟೆನಾಯಿ ಅಂತೆಲ್ಲ ಹೊಗಳಿದ್ದು?"

ಮೆಂಗ್ ಅಕ್ಕ ಸ್ವಲ್ಪ ತಡವರಿಸಿದಳು. ಎದುರಿಗಿದ್ದವನ ಮಾನದ ವಿಷಯ. "ನಿನಗೆ ಯಾರೋ ಟೋಪಿ ಹಾಕಿದಾರೆ ಅಂದ್ಕೊಂಡ್ವಿ. ದುಬಾರಿ ನಾಯಿ ಅಂತ ಹೇಳಿ, ಪಾಪ, ಪರದೇಶಿ ಅಂತ, ಇದನ್ನ ಕೈಗೆ ಕೊಟ್ಟು ಕಳಿಸಿದಾರೆ. ನೀನು ನಾಚಿಕೆಗೆ ಮೀನು ಮಾರ್ಕೆಟ್ಟಲ್ಲಿ ಸಿಕ್ತು ಅಂತಿದೀಯ. ಇರಲಿ, ನಾಲ್ಕು ಒಳ್ಳೆ ಮಾತಾಡಿ ಅವನ ಮಾನ ಉಳಿಸೋಣ ಅಂತ ಎಲ್ಲಾ ಸೇರಿ ತೀರ್ಮಾನ ಮಾಡಿದ್ವಿ."

ಮೂರು ವರ್ಷ ಅವನು ಅವರ ಮೇಲೆ ಮರುಕ ಪಟ್ಟಿದ್ದ. ಅವರು ಅವನ ಮೇಲೆ ಮರುಕ ಪಟ್ಟಿದ್ದರು. ಮಧ್ಯದಲ್ಲಿ ಪಿಮ್ ಒಂದೇ ಯಾರ ಮೇಲೂ ಮರುಕವಿಲ್ಲದೆ ಹೊಟ್ಟೆ ತುಂಬ ತಿಂದುಕೊಂಡಿತ್ತು.

"ಆದರೂ ಅಕ್ಕ," ಎಂದ ಯೋರಿಸ್, "ನನಗೆ ಭಾಷೆ ಬರಲ್ಲ ಅಂತ ನಾನು ಹೇಗೆ..."

"ಭಾಷೆ ದೊಡ್ಡದೋ ನಾಯಿ ದೊಡ್ಡದೋ, ಯೋಚನೆ ಮಾಡು" ಎಂದು ಅವಳು ಮೊಣಕಾಲು ಹಿಡಿದುಕೊಂಡು ಎದ್ದಳು.

ಶನಿವಾರ ಅಂಗಳ ಮದುವೆ ಮನೆಯಂತಿತ್ತು. ತಾಂಗ್‌ಯುವಾನ್‌ಗೆ ಹೊಸ ಬೂಟು. ಗೇಟಿನ ಬಳಿ ತಂತಿಬೋನಿನ ಗಾಡಿಯೊಂದು ನಿಂತಿತ್ತು. ಅದರ ಕಡೆ ಯಾರೂ ನೋಡುತ್ತಿರಲಿಲ್ಲ, ಯೋರಿಸ್ ಬಿಟ್ಟು. ವಾರ್ಡ್ ಕಚೇರಿಯ ವೇಯ್ ಸಾಹೇಬ ಇನ್ನೂ ಮೂವತ್ತು ದಾಟದವನು. ಸಮವಸ್ತ್ರ ಕೊಂಚ ದೊಗಲೆ. ನಾಯಿಗಳ ಫೋಟೋ ತೆಗೆದುಕೊಳ್ಳುತ್ತ ಬಂದು ಪಿಮ್‌ನ ಮುಂದೆ ನಿಂತ. ನೋಡಿದ. ಮತ್ತೆ ನೋಡಿದ.

"ಇದು ಯಾವ ತಳಿ?"

"ಬೆಲ್ಜಿಯಂದು!" ಎಂದ ತ್ಸಾಯ್ ತಾತ.

"ಫ್ರಾನ್ಸಿಂದು!" ಎಂದಳು ಅದೇ ಗಳಿಗೆಯಲ್ಲಿ ತಾಂಗ್‌ಯುವಾನ್‌ನ ಅಮ್ಮ.

ಹಿಂದಿನಿಂದ ಯಾರೋ ರಷ್ಯಾ ಎಂದರು.

"ಒಂದೇ ನಾಯಿ ಎಷ್ಟು ದೇಶದಲ್ಲಿ ಹುಟ್ಟಿದೆ?" ಎಂದ ವೇಯ್ ಸಾಹೇಬ.

ಮೆಂಗ್ ಅಕ್ಕ ಮುಂದೆ ಬಂದಳು. "ಅವರ ಕಡೆ ದೇಶಗಳೇ ಅಷ್ಟು ಚಿಕ್ಕವು ಸಾಹೇಬ್ರೇ. ನಾಯಿ ಬೆಳಿಗ್ಗೆ ಒಂದು ದೇಶದಲ್ಲಿ ಉಚ್ಚೆ ಹೊಯ್ದ್ರೆ, ಮಧ್ಯಾಹ್ನ ಇನ್ನೊಂದ್ರಲ್ಲಿ."

ಸಾಹೇಬ ನಗಲಿಲ್ಲ. ಯೋರಿಸ್‌ನ ಕಡೆ ತಿರುಗಿದ. "ಯಜಮಾನ್ರೇ, ನೀವೇ ಹೇಳಿ. ಇದು ಯಾವ ನಾಯಿ?"

ಯೋರಿಸ್‌ನ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು, ಸ್ವರ, ಏರಿಳಿತ, ಎಲ್ಲ ಸರಿಯಾಗಿ, ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುವಂಥ ವಾಕ್ಯ. ಪಿಮ್ ತನ್ನ ಇಡೀ ಭಾರವನ್ನು ಅವನ ಮೊಣಕಾಲಿಗೆ ಒರಗಿಸಿ ನಿಂತಿತ್ತು. ಅವನು ಬೋನಿನ ಗಾಡಿಯನ್ನು ನೋಡಿದ.

"ನಾನು... ಚೀನಾ ಮಾತು... ಬರೋದು ಇಲ್ಲ" ಎಂದ. ಒಂದೊಂದು ಸ್ವರವನ್ನೂ ತಪ್ಪಾದ ಜಾಗಕ್ಕೆ ಎಸೆದ. ಅಷ್ಟು ಕೆಟ್ಟದಾಗಿ ಅವನು ವಿಮಾನ ಇಳಿದ ದಿನವೂ ಮಾತಾಡಿರಲಿಲ್ಲ. ಕಿವಿಯ ತುದಿಯವರೆಗೂ ಕೆಂಪಾದ.

"ಒಂದಕ್ಷರಾನೂ ಬರಲ್ಲ, ಪಾಪ" ಎಂದಳು ಮೆಂಗ್ ಅಕ್ಕ. "ಐದು ವರ್ಷ ಆಯ್ತು. ಸ್ವಲ್ಪ ಮಂದ."

"ಬಹಳ ಮಂದ" ಎಂದು ತಾತ ಸೇರಿಸಿದ, ಬೇಕಿಲ್ಲದಿದ್ದರೂ.

ವೇಯ್ ಸಾಹೇಬ ಕುಕ್ಕರಗಾಲಲ್ಲಿ ಕುಳಿತ. ನಾಲಿಗೆಯಿಂದ ಟಕ್ ಟಕ್ ಎಂದು ಸದ್ದು ಮಾಡಿ, ಪಿಮ್‌ನ ಬಾಲದ ಬುಡದಲ್ಲಿ ಕೆರೆದ. ಪಿಮ್ ಕಣ್ಣು ಅರೆಮುಚ್ಚಿ, ಹಿಂಗಾಲು ಒದರಿ, ಧೊಪ್ಪನೆ ಅಂಗಾತ ಬಿತ್ತು.

"ನಮ್ಮ ಅಜ್ಜಿ ಮನೇಲೂ ಒಂದು ವಿದೇಶಿ ನಾಯಿ ಇತ್ತು" ಎಂದ ಸಾಹೇಬ ಅದರ ಹೊಟ್ಟೆ ಸವರುತ್ತ. "ಜೋಳ ಕಾಯ್ತಿತ್ತು."

ಯಾರೂ ನಗಲಿಲ್ಲ. ನಗುವ ಸಮಯವಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನು ಎದ್ದು, ಪ್ಯಾಂಟಿಗೆ ಅಂಟಿದ ಹಳದಿ ಕೂದಲು ಕೊಡವಿ, ವಿದೇಶಿ ತಳಿ, ಹೆಸರು ಮಾಲೀಕನಿಗೆ ಹೇಳಲು ಬರುವುದಿಲ್ಲ ಎಂದು ಬರೆದುಕೊಂಡು ಮುಂದಿನ ನಾಯಿಗೆ ಹೋದ. ಬೋನಿನ ಗಾಡಿ ಖಾಲಿಯಾಗೇ ಗಡಗಡ ಎಂದು ಹೊರಟಿತು.

ಗೆದ್ದೆವು ಎಂದು ಎಲ್ಲರೂ ಕೈಕೈ ಕುಲುಕಿಕೊಂಡರು. ಸೋಮವಾರ ನೋಡಿದರೆ ವೇಯ್ ಸಾಹೇಬನಿಗೆ ಆ ವಠಾರದ ಕಾವಲುಕೋಣೆಯಲ್ಲೇ ಮೇಜು ಹಾಕಿಕೊಟ್ಟಿದ್ದರು. ಬೆಳಿಗ್ಗೆ ಅವನೂ ಮೊಟ್ಟೆ ಹಿಡಿದುಕೊಂಡು ದೋಸೆಯ ಗಾಡಿಗೆ ಬಂದು ನಿಂತ. ಯೋರಿಸ್‌ಗೆ ಚೀನೀ ಬರುತ್ತದೆ ಎಂದಾದರೆ ನಾಯಿಯ ತಳಿಯನ್ನು ಸಾಹೇಬ ಮತ್ತೆ ಕೇಳಲೇಬೇಕು. ಬರೆದದ್ದು ಅವನು, ಸಹಿ ಅವನದು. ಹಾಗಾಗಿ ಅವತ್ತಿನಿಂದ ಯೋರಿಸ್ ದೋಸೆಗೂ ಕೈಸನ್ನೆ, ಖಾರ ಸಾಕು ಎನ್ನುವುದಕ್ಕೂ ಕೈಸನ್ನೆ. ಸಾಲಿನಲ್ಲಿ ನಿಂತವರು ಅವನ ಎದುರಿಗೇ ಅವನ ಅಂಗಿಯನ್ನೂ, ಅವನ ಸಂಬಳವನ್ನೂ, ಇನ್ನೂ ಮದುವೆಯಾಗದ್ದನ್ನೂ ಕುರಿತು ಮನಸಾರೆ ಮಾತಾಡತೊಡಗಿದರು. ಮಾತು ಬಾರದವನ ಮುಂದೆ ಮುಚ್ಚುಮರೆ ಏಕೆ? ಅವನು ಹಲ್ಲು ಕಚ್ಚಿ ಮುಗುಳ್ನಗುತ್ತಿದ್ದ. ಮನೆಗೆ ಬಂದು ಗೋಡೆಯ ಪತ್ರವನ್ನು ಇಳಿಸಿ ಮಂಚದ ಕೆಳಗಿಟ್ಟ.

ವೇಯ್ ಸಾಹೇಬನಿಗೆ ಅವನನ್ನು ನೋಡಿ ಕನಿಕರ ಹುಟ್ಟಿತೋ, ಇನ್ನೇನು ಹುಟ್ಟಿತೋ, ತಾನೇ ಭಾಷೆ ಕಲಿಸುತ್ತೇನೆಂದು ನಿಂತ. ದಿನವೂ ದೋಸೆ ಬೇಯುವಷ್ಟು ಹೊತ್ತು ಪಾಠ.

"ಇದು ಮೊಟ್ಟೆ. ಹೇಳಿ ಯಜಮಾನ್ರೇ, ಮೊಟ್ಟೆ."

"ಮೋಟೆ" ಎನ್ನುತ್ತಿದ್ದ ಯೋರಿಸ್.

"ಭೇಷ್! ಈಗ ಇದು." ಸಾಹೇಬ ಪಿಮ್‌ನ ಕಡೆ ಬೆರಳು ತೋರಿಸಿದ. "ಇದು ವಿದೇಶಿ ನಾಯಿ. ಹೇಳಿ."

ಯೋರಿಸ್ ಗಾಜಿನ ಗುಳ್ಳೆ ನೋಡುವವನು. ಒಂದು ಗಳಿಗೆ ಪಿಮ್‌ನನ್ನು ನೋಡಿದ. ಅದು ತನ್ನ ಸುರುಳಿ ಬಾಲವನ್ನು ಅಲ್ಲಾಡಿಸಿತು.

"ಇದು... ವಿದೇಸಿ... ನಾಯ್."

"ಇನ್ನೂ ಸ್ವಲ್ಪ ಗಟ್ಟಿಯಾಗಿ. ಆ ಕಡೆ ಗೇಟಿನವರಿಗೂ ಕೇಳಿಸಲಿ."

ಐದು ವರ್ಷದ ವಿದ್ಯೆ ಎಲ್ಲಿಗೆ ಹೋಗುತ್ತದೆ? ಗಟ್ಟಿಯಾಗಿ ಹೇಳುವ ಭರದಲ್ಲಿ ಸ್ವರ, ಏರಿಳಿತ ಎಲ್ಲ ತಾವಾಗಿ ಬಂದು ಕೂತವು. ಅಪ್ಪಟ ತಿಯಾನ್‌ಜಿನ್ ಧಾಟಿಯಲ್ಲಿ, ಗೇಟು ಅದುರುವಂತೆ, ತಪ್ಪಿಲ್ಲದ ವಾಕ್ಯವೊಂದು ಹೊರಬಿತ್ತು. ತ್ಸಾಯ್ ತಾತನ ಕೈಯ ಮೊಟ್ಟೆ ಕೆಳಗೆ ಬಿತ್ತು. ವೇಯ್ ಸಾಹೇಬ ದೋಸೆಯ ಕಡೆ ತಿರುಗಿ, ಅದು ಬೆಂದಿದೆಯೋ ಇಲ್ಲವೋ ಎಂದು ಬಹಳ ಹೊತ್ತು ನೋಡಿದ.

ಮೆಂಗ್ ಅಕ್ಕ ಯೋರಿಸ್‌ನ ಸೊಂಟ ಚಿವುಟಿದಳು. "ಕೆಡಿಸೋ! ಕೆಡಿಸಿ ಹೇಳೋ!"

ಪಿಮ್‌ನ ಅಪ್ಪ ಮತ್ತೊಮ್ಮೆ, ಕೆಡಿಸಿ ಹೇಳಿದ.