ಹಿತ್ತಾಳೆ ತಿನ್ನುವ ಎಣ್ಣೆ

ಎರಡನೇ ಗೇರು ಹಲ್ಲು ಕಡಿಯಲು ಶುರುಮಾಡಿದ್ದು ಯಾವಾಗ ಎಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಗೋಡೆಗೆ ತಾಗಿದ ದಿನ ಮಾತ್ರ ಎಲ್ಲರಿಗೂ ನೆನಪಿತ್ತು. ಶಾಲೆ ಪಕ್ಕದ ಏರಿನಲ್ಲಿ ಅಪ್ಪ ಮೂರರಿಂದ ಎರಡಕ್ಕೆ ಇಳಿಸಲು ಹೋದರು. ಗೇರು ಬೀಳಲಿಲ್ಲ. ಕಾರು ನಿಂತು, ಹಿಂದಕ್ಕೆ ಜಾರಿ, ಶಾಲೆಯ ಕಾಂಪೌಂಡಿಗೆ ಒರಗಿತು. ಬಂಪರು ಬಗ್ಗಿತು, ಅಷ್ಟೇ. ಮಕ್ಕಳನ್ನು ಬಿಡುವ ಹೊತ್ತು ಇನ್ನೂ ಆಗಿರಲಿಲ್ಲ. ಆಗಿದ್ದಿದ್ದರೆ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಎರಡೇ ಸೀಟಿನ ಹಳೇ ಸ್ಪೋರ್ಟ್ಸ್ ಕಾರು ಅದು. ಮನೆಯಲ್ಲಿ ಅದರ ಹೆಸರು ಮೊಂಡಿ. ಅಪ್ಪ ಮನೆ ಹಿಂದಿನ ಶೆಡ್ಡಿನಲ್ಲಿ ಆಯುಷ್ಯವಿಡೀ ಗೇರ್‌ಬಾಕ್ಸ್ ಬಿಚ್ಚಿ ಕಟ್ಟಿದವರು. ಈಗ ಆ ಶೆಡ್ಡು ಮಗಳದು. ಅವಳ ಅಣ್ಣನಿಗೆ ಮುಖ್ಯ ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿ.

"ಅಪ್ಪನ ಹತ್ರ ಕೀ ಇಸ್ಕೊಂಡು ನನ್ನ ಕೈಗೆ ಕೊಡು," ಎಂದ ಅಣ್ಣ ಆ ಸಂಜೆ, ಅಪ್ಪ ಒಳಗೆ ಮಲಗಿದ್ದಾಗ. "ಅಪ್ಪನ ಕಾಲು ಹೋಗಿದೆ. ನಿಂಗೂ ಗೊತ್ತು."

"ಕಾಲಲ್ಲ, ಗೇರ್‌ಬಾಕ್ಸು."

"ಅದಕ್ಕೇನಾಗಿದೆ? ಹೋದ ವರ್ಷ ನೀವಿಬ್ರೂ ಊರಲ್ಲಿಲ್ದಾಗ ನಾನೇ ನಿಂತು ಆಯಿಲ್ ಹಾಕ್ಸಿದ್ದೀನಿ. ನನ್ನಂಗಡೀಲಿ ಅದಕ್ಕಿಂತ ಮೇಲಿಂದು ಇಲ್ಲ."

"ಯಾವುದು?"

"ಐದರದ್ದು, ಜಿಎಲ್-ಐದು ದರ್ಜೆ. ನಾಲ್ಕು ಅಂತ ಬರ್ದಿರೋ ಡಬ್ಬೀನ ಈಗ ಯಾರು ಮೂಸಿ ನೋಡ್ತಾರೆ? ನಾಲ್ಕಕ್ಕಿಂತ ಐದು ದೊಡ್ಡದಲ್ವಾ?"

"ಶಾಲೇಲಿ ಅಷ್ಟಾದ್ರೂ ಕಲಿತೆಯಲ್ಲ," ಎಂದಳು ಅವಳು. ಆದರೆ ಒಳಗೊಳಗೆ ಅವಳಿಗೆ ಸಮಾಧಾನವಾಯಿತು. ಹಾಗಿದ್ದರೆ ತಪ್ಪು ಎಣ್ಣೆಯದು. ಅಪ್ಪನದಲ್ಲ.

ಮರುದಿನ ಮೊಂಡಿಯ ಹೊಟ್ಟೆಯಡಿ ಮಲಗಿ ಎಣ್ಣೆ ಇಳಿಸಿದಳು. ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಬಿಳಿ ಬಟ್ಟೆಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಚಿನ್ನದ ಪುಡಿಯಂಥ ಹೊಳಪು. ಉಕ್ಕಿನ ಚೂರು ಒಂದೂ ಇರಲಿಲ್ಲ. ಇಂಥ ಹಳೇ ಗೇರ್‌ಪೆಟ್ಟಿಗೆಯೊಳಗೆ ಹಿತ್ತಾಳೆಯ ಉಂಗುರಗಳಿರುತ್ತವೆ. ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಭಾಗಗಳನ್ನು ಒಂದೇ ವೇಗಕ್ಕೆ ತರುವುದು ಅವುಗಳ ಕೆಲಸ. ಅದಕ್ಕೆ ಅವು ಕಚ್ಚಿ ಹಿಡಿಯಬೇಕು. ಐದರ ಎಣ್ಣೆ ಕಚ್ಚಲು ಬಿಡುವುದಿಲ್ಲ, ಜಾರಿಸುತ್ತದೆ. ಕೆಲವು ಡಬ್ಬಿಗಳದು ಹಿತ್ತಾಳೆಯನ್ನು ತಿನ್ನುತ್ತದೆ ಕೂಡ.

ಅಣ್ಣ ನಂಬಲಿಲ್ಲ. ಡಬ್ಬಿಯ ಮೇಲೆ ಹಳೇ ಕಾರಿನ ಚಿತ್ರವೇ ಇದೆ ಎಂದು ವಾದಿಸಿದ.

ಹೊಸ ಎಣ್ಣೆಯನ್ನು ಅಪ್ಪ ಎಂದೂ ಲೇಬಲ್ ನೋಡಿ ನಂಬಿದವರಲ್ಲ. ಜಾಮ್ ಬಾಟಲಿಗೆ ಸುರಿದು, ಒಂದು ಹಿತ್ತಾಳೆ ವಾಷರ್ ಮುಳುಗಿಸಿ, ಬಚ್ಚಲಿನ ಬಾಯ್ಲರ್ ಮೇಲೆ ಬಿಸಿಗೆ ಇಡುತ್ತಿದ್ದರು. ಲೇಬಲ್ ಬರೆಯುವವನು ಗೇರು ಹಾಕುವುದಿಲ್ಲ ಎನ್ನುತ್ತಿದ್ದರು. ಅಮ್ಮ ಇದ್ದಷ್ಟು ದಿನ ಆ ಬಾಟಲಿಗಳಿಗೆ ಬೈಯುತ್ತಲೇ ಸ್ನಾನ ಮಾಡಿದ್ದಳು. ಮಗಳು ಈಗ ಎರಡು ಬಾಟಲಿ ಇಟ್ಟಳು. ಒಂದರಲ್ಲಿ ನಾಲ್ಕು, ಇನ್ನೊಂದರಲ್ಲಿ ಐದು.

ವಾರ ಕಳೆದು ತೆಗೆದಾಗ ನಾಲ್ಕರಲ್ಲಿದ್ದ ವಾಷರ್ ಹಳದಿಯಾಗಿಯೇ ಇತ್ತು. ಐದರಲ್ಲಿದ್ದದ್ದು ಕಾವಲಿಯ ಹಾಗೆ ಕಪ್ಪಾಗಿತ್ತು. ಅಣ್ಣ ಅದನ್ನು ಅಂಗಿಯ ತುದಿಯಿಂದ ಉಜ್ಜಿದ. ಕಪ್ಪು ಹೋಗಲಿಲ್ಲ.

"ಅಂಗಿ ಹಾಳ್ಮಾಡ್ಕೋಬೇಡ, ಅತ್ತಿಗೆ ಬೈತಾಳೆ," ಎಂದಳು.

"ಆಯ್ತು ಕಣೇ, ಗೆದ್ದೆ. ಎಣ್ಣೆ ಬದಲಿಸು. ಅದೇ ಏರು ಅಪ್ಪ ಹತ್ತಲಿ. ಹತ್ತಿದ್ರೆ ಕೀ ಸುದ್ದಿ ಎತ್ತಲ್ಲ. ಇಲ್ದಿದ್ರೆ ನೀನೇ ಇಸ್ಕೊಂಡು ಕೊಡ್ಬೇಕು. ನಾನು ಕೇಳಿದ್ರೆ ಮಗನ ದರ್ಪ ಅಂತಾರೆ."

ಒಪ್ಪಿದಳು. ಗೇರ್‌ಬಾಕ್ಸಿಗೆ ನಾಲ್ಕರ ಎಣ್ಣೆ ತುಂಬಿದಳು. ಹಿಂದಿನ ಆಕ್ಸಲಿನಲ್ಲಿದ್ದ ಐದನ್ನು ಮುಟ್ಟಲಿಲ್ಲ. ಅಲ್ಲಿ ಉಕ್ಕಿಗೆ ಉಕ್ಕು ಉಜ್ಜುತ್ತದೆ, ಅದಕ್ಕೆ ಅದೇ ಸರಿ.

ಶಾಲೆಗೆ ರಜೆಯಿದ್ದ ಬೆಳಿಗ್ಗೆ ಮೊದಲು ತಾನೊಬ್ಬಳೇ ಹೋಗಿ ಏರು ಹತ್ತಿದಳು. ಮೂರರಿಂದ ಎರಡು. ಬೆಣ್ಣೆಯೊಳಗಿನ ಕೂದಲೆಳೆದ ಹಾಗೆ ಬಿತ್ತು. ಇಳಿದು ಬಂದು ಮತ್ತೆ ಹತ್ತಿದಳು. ಮತ್ತೆ ಹಾಗೆಯೇ. ಶಿಳ್ಳೆ ಹಾಕುತ್ತ ಮನೆಗೆ ಬಂದು ಅಪ್ಪನನ್ನು ಸ್ಟಿಯರಿಂಗ್ ಮುಂದೆ ಕೂರಿಸಿ, ತಾನು ಪಕ್ಕದಲ್ಲಿ ಕುಳಿತಳು.

ಅಪ್ಪ ಎಡಗಾಲಿನ ಬೂಟು ಬಿಚ್ಚಿ ಸೀಟಿನ ಪಕ್ಕಕ್ಕಿಟ್ಟರು. ಕ್ಲಚ್ ಅವರಿಗೆ ಯಾವಾಗಲೂ ಬರಿಗಾಲಿಗೇ ತಿಳಿಯಬೇಕು. ಸಮತಟ್ಟಿನಲ್ಲಿ ಎಲ್ಲ ಚೆನ್ನಾಗಿತ್ತು. ಏರು ಶುರುವಾಯಿತು. ಅಪ್ಪ ಎರಡಕ್ಕೆ ಎಳೆದರು.

ಕರಕರ ಎಂದಿತು.

ಇನ್ನೊಮ್ಮೆ ಎಳೆದರು. ಅವಳು ಗೇರಿನ ಕಡ್ಡಿ ನೋಡಲಿಲ್ಲ, ಅಪ್ಪನ ಪಾದ ನೋಡಿದಳು. ಪೆಡಲು ಪೂರ್ತಿ ಇಳಿಯುವ ಮೊದಲೇ ಪಾದ ನಿಂತುಬಿಟ್ಟಿತ್ತು. ಮೊಣಕಾಲು ನಡುಗುತ್ತಿತ್ತು. ತಾನು ಒತ್ತಿಯಾಯಿತು ಎಂದು ಆ ಕಾಲು ನಂಬಿತ್ತು.

ಅಪ್ಪ ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸಿದರು.

"ನಿಂಗೆ ಹೇಗೆ ಬಿತ್ತು?"

ಉತ್ತರ ಎರಡಿತ್ತು. ಉಂಗುರ ಪೂರ್ತಿ ಸವೆದಿದೆ, ನನಗೂ ಹೀಗೇ ಆಯಿತು ಎಂದರೆ ಸಾಕು. ಪೆಟ್ಟಿಗೆ ಬಿಚ್ಚೋಣ ಎಂದು ವರ್ಷ ತಳ್ಳಬಹುದು. ಕೀ ಅಪ್ಪನ ಜೇಬಿನಲ್ಲೇ ಇರುತ್ತದೆ. ಎದುರಿಗೆ ಶಾಲೆಯ ಗೇಟು ಕಾಣುತ್ತಿತ್ತು, ಮುಚ್ಚಿದ್ದು.

"ನಂಗೆ ಬಿತ್ತಪ್ಪ," ಎಂದಳು. "ಸದ್ದೇ ಇಲ್ಲದೆ."

"ಎರಡು ಸಲ ನೋಡಿದ್ಯಾ?"

"ಹ್ಞೂಂ."

ಅಪ್ಪ ತಮ್ಮ ಪಾದವನ್ನು ಬೇರೆಯವರದೆಂಬಂತೆ ಸ್ವಲ್ಪ ಹೊತ್ತು ನೋಡಿದರು. "ನೀನು ಸುಳ್ಳು ಹೇಳ್ತೀಯೇನೋ ಅಂದ್ಕೊಂಡೆ."

"ಹೇಳೋಣ ಅಂತಿದ್ದೆ."

"ಹೇಳಿದ್ರೆ ನಂಬ್ತಿದ್ದೆ. ಅದೇ ತೊಂದ್ರೆ."

ಬಾಗಿಲು ತೆಗೆದು ಇಳಿದರು. ಬಾನೆಟ್ಟಿಗೆ ಕೈ ಊರುತ್ತ, ಒಂದು ಕಾಲಲ್ಲಿ ಬೂಟು, ಒಂದರಲ್ಲಿ ಇಲ್ಲದೆ, ಸುತ್ತಿ ಬಂದು ಅವಳ ಬದಿಯ ಬಾಗಿಲ ಹತ್ತಿರ ನಿಂತರು. ಅವಳು ಸ್ಟಿಯರಿಂಗ್ ಮುಂದಿನ ಸೀಟಿಗೆ ಸರಿದಳು. ವಾಪಸ್ಸು ಬರುವಾಗ ಅವಳು ಗೇರು ಬದಲಿಸಿದಾಗಲೆಲ್ಲ ಅಪ್ಪ ತಲೆ ಓರೆ ಮಾಡಿ ಕೇಳಿಸಿಕೊಂಡರು.

ಅಣ್ಣ ಗೇಟಿನಲ್ಲೇ ಕಾದಿದ್ದ. "ಏನಾಯ್ತು? ಎಣ್ಣೇದೇನಾ?"

"ಎಣ್ಣೆ ತಪ್ಪು ನಿಂದು, ಕಾಲು ನಂದು," ಎಂದರು ಅಪ್ಪ. "ಎರಡನ್ನೂ ಸೇರಿಸ್ಬೇಡ. ಇನ್ಮೇಲೆ ಯಾವ ಪೆಟ್ಟಿಗೆಗೆ ಅಂತ ಕೇಳಿ ಡಬ್ಬಿ ಕೊಡು."

ಅಣ್ಣ ಕೈ ಚಾಚಿದ. ಅಪ್ಪ ಅದನ್ನು ಕಂಡೂ ಕಾಣದಂತೆ, ಕೀ ಇನ್ನೂ ಕಾರಿನಲ್ಲೇ ಇದೆ, ಅವಳ ಹತ್ತಿರವೇ ಇರಲಿ ಎಂದು ಹೇಳಿ ಒಳಗೆ ಹೋದರು.

ಅವಳು ಕಾರನ್ನು ಶೆಡ್ಡಿಗೆ ಹಾಕಿದಳು. ಸೀಟಿನ ಪಕ್ಕ ಎಡಗಾಲಿನ ಬೂಟು ಹಾಗೇ ಇತ್ತು. ಅದನ್ನು ಒಯ್ದು ಹೊಸಿಲ ಹತ್ತಿರ, ಅಪ್ಪ ಬಿಚ್ಚಿಟ್ಟಿದ್ದ ಬಲಗಾಲಿನದರ ಪಕ್ಕ ಇಟ್ಟಳು.