ಹೆಬ್ಬೆರಳುದ್ದದ ಪೈಲಟ್

ದೇವರ ಕಣ್ಣು ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಭವಾನಿ ಪೇಟೆಯಲ್ಲಿ ಯಾರೂ ಇರಲಿಲ್ಲ. ಜಂಬ ಎನ್ನುವವರು ಎನ್ನಲಿ. ಗೋಕಾಕದಿಂದ ಪುಣೆಗೆ ಬಂದ ಚಿತ್ರಗಾರರು ನಾವು. ನಮ್ಮವರು, ಅಂದರೆ ನನ್ನ ಗಂಡ, ಕಟ್ಟಿಗೆ ಕೆತ್ತುತ್ತಿದ್ದರು, ನಾನು ಬಣ್ಣ ಹಚ್ಚುತ್ತಿದ್ದೆ. ನಾನು ಕಣ್ಣು ಬರೆದ ಗೌರಿ, ನೀವು ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ನಿಮ್ಮನ್ನೇ ನೋಡುತ್ತಿದ್ದಳು.

ಯುದ್ಧ ಮುಗಿದ ವರ್ಷ, ದೀಪಾವಳಿ ಕಳೆದ ಮೇಲೆ ರಂಗೂಬಾಯಿ ನಮ್ಮ ಮನೆಗೆ ಬಂದರು. ಧಾರವಾಡದ ಕಡೆಯವರು, ಯಜಮಾನರು ಇಲ್ಲೇ ಮಿಲಿಟರಿ ಕಚೇರಿಯಲ್ಲಿ ಕಾರಕೂನರು. ಮಗ ಪ್ರಲ್ಹಾದ ವಿಮಾನದಳದ ಪೈಲಟ್ ಆಗಿದ್ದ. ಬರ್ಮಾದ ಕಡೆ ಹಾರಿದವನು ತಿರುಗಿ ಬರಲಿಲ್ಲ, ದೇಹವೂ ಸಿಗಲಿಲ್ಲ. ಜೊತೆಗಾರರು ಅವನ ವಿಮಾನದ್ದೇ ಒಂದು ಕಟ್ಟಿಗೆಯ ಮಾದರಿ ಮಾಡಿಸಿ ತಾಯಿಗೆ ಕಳಿಸಿಕೊಟ್ಟಿದ್ದರು. ಅದನ್ನು ಹಳೇ ಸೀರೆಯಲ್ಲಿ ಸುತ್ತಿ, ಕೂಸಿನಂತೆ ಎತ್ತಿಕೊಂಡು ಬಂದಿದ್ದರು.

"ವಿಮಾನದೊಳಗ ಕುರ್ಚಿ ಖಾಲಿ ಅದ ನೋಡ್ರಿ, ನಾಗವ್ವಾ," ಎಂದರು. "ಹೋಗ್ತ ಬರ್ತ ಅದನ್ನ ನೋಡಲಿಕ್ಕೆ ನನ್ನ ಕೈಲೆ ಆಗವಲ್ತು. ನನ್ನ ಮಗನ್ನ ಅಲ್ಲೆ ಕೂಡಸಿ ಕೊಡ್ರಿ. ನನ್ನ ಕಡೆ ನೋಡೋ ಹಂಗ ಇರಬೇಕು. ಇನ್ನ ಇಪ್ಪತ್ತು ದಿನಕ್ಕ ವರ್ಷದ ಶ್ರಾದ್ಧ, ಅಷ್ಟರೊಳಗ ಆಗ್ಬೇಕು."

ಅವನ ಒಂದು ಫೋಟೋ ಕೊಟ್ಟರು. "ಅದೇನ್ ದೊಡ್ಡ ಮಾತ್ರಿ, ಮಾಡೋಣು," ಎಂದುಬಿಟ್ಟೆ. ಎಷ್ಟು ಸಲೀಸಾಗಿ ಹೇಳಿದೆನೆಂದು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಮ್ಮವರು ನಾಲ್ಕೇ ದಿನದಲ್ಲಿ ಹೆಬ್ಬೆರಳುದ್ದದ ಪೈಲಟ್‌ನನ್ನು ಕೆತ್ತಿದರು. ತಲೆಗೆ ಚರ್ಮದ ಟೊಪ್ಪಿಗೆ, ಹಣೆಯ ಮೇಲೆ ಸರಿಸಿದ ಗಾಜಿನ ಕನ್ನಡಕ, ಹೆಗಲಿಗೆ ಪಟ್ಟಿ, ಎಲ್ಲ ಚೆಂದವಾಗಿ ಬಂದಿತ್ತು. ಆದರೆ ಕುರ್ಚಿಯಲ್ಲಿ ಕೂರಿಸಲು ಹೋದರೆ ಕಾಲು ಅಡ್ಡ ಬಂತು. ಮೊಣಕಾಲ ಕೆಳಗೆ ಕತ್ತರಿಸದೆ ದಾರಿ ಇರಲಿಲ್ಲ, ಒಳಗೆ ಯಾರಿಗೂ ಕಾಣುವುದೂ ಇಲ್ಲ. ನಮ್ಮವರು ಗರಗಸ ಹಿಡಿದು ಸುಮ್ಮನೆ ಕೂತರು. ನಾನೇ ಕಸಿದುಕೊಂಡು ಕತ್ತರಿಸಿದೆ. ಇದನ್ನು ಆ ತಾಯಿಗೆ ಎಂದೂ ಹೇಳಬಾರದೆಂದು ನಮ್ಮವರಿಂದ ಆಣೆ ಮಾಡಿಸಿಕೊಂಡೆ.

ಆಮೇಲೆ ಬಣ್ಣ ಹಚ್ಚಿ, ಕೊನೆಗೆ ಕಣ್ಣು ಬರೆದೆ. ಬಿಳಿ ಬೊಟ್ಟು, ಅದರ ನಡುವೆ ಕರಿ ಬೊಟ್ಟು. ಮರುದಿನ ಪ್ರಲ್ಹಾದನ ತಂಗಿ ನೀರಜಾ ನೋಡಲು ಬಂದಳು. ನೋಡಿದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

"ಇಂವ ನಮ್ಮಣ್ಣ ಅಲ್ರಿ. ಜಾಕೀಟು ಹಾಕ್ಕೊಂಡ ದೇವರು! ಹಿಂಗ ನಮ್ಮನ್ನ ನೋಡಕೋತ ಕೂತ್ರ ವಿಮಾನ ಯಾರು ನಡಸ್ತಾರ?"

"ನಿಮ್ಮವ್ವ ಕೇಳಿದ್ದು ಹಿಂಗ!" ಎಂದು ಗದರಿಸಿ ಕಳಿಸಿದೆ. ಅವಳು ಹೋದ ಮೇಲೆ ನೋಡಿದರೆ ಹುಡುಗಿ ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಮುಖ ಕೆರೆದು ಮತ್ತೆ ಬರೆದೆ. ಮತ್ತೆ ದೇವರೇ ಬಂದ. ಕರಿ ಬೊಟ್ಟನ್ನು ಪಕ್ಕಕ್ಕೆ ಸರಿಸಿದೆ, ಕಳ್ಳನಂತೆ ಕಂಡ. ಮೂವತ್ತು ವರ್ಷ ಪಳಗಿದ ಕೈ ನನ್ನ ಮಾತನ್ನೇ ಕೇಳದು. ಸೋಲುವ ಜಾಯಮಾನ ನನ್ನದಲ್ಲ. ಅಡುಗೆ ಮುಗಿಸಿ ನೆಟ್ಟಗೆ ದಂಡಿನ ಕ್ಯಾಂಪಿಗೆ ನಡೆದೆ.

ಮಿಲಿಟರಿ ಲಾರಿಗಳು ತಿರುಗುವ ರಸ್ತೆಯಲ್ಲಿ ಮೂರು ದಿನ ನಿಂತೆ. ಡ್ರೈವರುಗಳ ಮುಖ ಬಿಟ್ಟು ಬೇರೇನನ್ನೂ ನೋಡಲಿಲ್ಲ. ಒಬ್ಬ ಲಾರಿ ನಿಲ್ಲಿಸಿ, "ಕಾಯ್ ಬಘತೇಸ, ಬಾಈ?" ಎಂದು ಕೂಗಿದ. ನಿನ್ನ ಕಣ್ಣನ್ನೇ ನೋಡುತ್ತಿದ್ದೇನೆ ಎಂದು ಮರಾಠಿಯಲ್ಲೇ ಒದರಿದೆ. ಅವನು ನಗುತ್ತ ನನ್ನತ್ತ ತಿರುಗಿದ. ಆ ಕಣ್ಣು ತಗೊಂಡು ನಾನೇನು ಮಾಡಲಿ? ರಸ್ತೆ ನೋಡು ಮಾರಾಯಾ ಎಂದು ಬೈದೆ. ಅವನು ರಸ್ತೆ ನೋಡಿದ. ಆಗ ಕಂಡಿತು. ಬಿಸಿಲಿಗೆ ಮುಖ ಕೊಟ್ಟು ದೂರ ನೋಡುವವನ ಕಣ್ಣಿನಲ್ಲಿ ಬಿಳಿ ಕಾಣುವುದೇ ಇಲ್ಲ. ಹುಬ್ಬಿನ ಕೆಳಗೆ ಒಂದು ಕಪ್ಪು ಗೆರೆ, ಹಣೆಯಲ್ಲಿ ಒಂದು ನೆರಿಗೆ, ಅಷ್ಟೇ.

ಮನೆಗೆ ಬಂದು ಅಳಿಲಿನ ಒಂದೇ ಕೂದಲಿನ ಕುಂಚದಿಂದ ಆ ಗೆರೆ ಎಳೆದೆ. ಟೊಪ್ಪಿಗೆಯ ಅಂಚಿಗೆ ನೆರಳು ಕೊಟ್ಟೆ. ಬಿಳಿ ಬೊಟ್ಟಿಡಲು ಕೈ ತುಡಿಯಿತು. ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ.

ನಮ್ಮವರು ಬಗ್ಗಿ ನೋಡಿದರು. "ಆ ತಾಯಿ ಕೇಳಿದ್ದು ಇದಲ್ಲ."

"ಗೊತ್ತೈತಿ."

"ಆಕಿ ಅತ್ರ?"

"ಅಳ್ಲಿ. ಸುಳ್ಳು ಮಗನ್ನ ಕೊಡಂಗಿಲ್ಲ ನಾ."

ಬಾಯಲ್ಲಿ ಹಾಗೆಂದೆ, ಎದೆಯಲ್ಲಿ ಹೆದರಿಕೆ ಇತ್ತು. ಮಗನನ್ನು ಕಳಕೊಂಡವಳು ಕೇಳಿದ್ದು ಒಂದೇ ಒಂದು. ಅದನ್ನೇ ನಾನು ಕೊಟ್ಟಿರಲಿಲ್ಲ.

ಶ್ರಾದ್ಧದ ಹಿಂದಿನ ದಿನ ರಂಗೂಬಾಯಿ ಬಂದರು. ವಿಮಾನವನ್ನು ತೊಡೆಯ ಮೇಲಿಟ್ಟುಕೊಂಡು ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು, ಮುಖದ ಹತ್ತಿರ ತಂದರು.

"ನನ್ನ ಕಡೆ ನೋಡವಲ್ಲ," ಎಂದರು.

"ಹೌದ್ರಿ. ಮುಂದ ನೋಡಾಕತ್ತಾನ," ಎಂದೆ.

ಅವರು ಮೆಲ್ಲಗೆ ಕರೆದರು. "ಪ್ರಲ್ಹಾದಾ." ಕಾದರು. "ಊಟಕ್ಕ ಬಾರೋ, ಅನ್ನ ಆರಲಿಕ್ಕತ್ತದ." ಮತ್ತೆ ಕಾದರು.

ಆಮೇಲೆ ನನ್ನತ್ತ ತಿರುಗಿದರು. ಕಣ್ಣೀರು ಗಲ್ಲದ ಮೇಲೆ ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಹಿಂಗ ರೀ ಅಂವ. ಕೈಯಾಗ ಕೆಲಸ ಇತ್ತಂದ್ರ ಹತ್ತು ಸರ್ತಿ ಕರದ್ರೂ ತಲಿ ಎತ್ತತಿದ್ದಿಲ್ಲ. ಇಂವ ಖರೇನ ನನ್ನ ಮಗಾನ."