ಎರಡು ಸಾಲು, ಒಂದೇ ಹೆಸರು

ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ, ಯಾವುದರಿಂದ ಶುರುವಾಗಲಿ ಎಂದು ಕೇಳುವ ಎರಡು ಸಾಲು, ಎರಡಕ್ಕೂ ಒಂದೇ ಹೆಸರು, ಕೆಳಗೆ ಮೂವತ್ತರಿಂದ ಇಳಿಯುವ ಅಂಕಿ — ಇಪ್ಪತ್ತೆಂಟು, ಇಪ್ಪತ್ತೇಳು — ಲ್ಯಾಬ್ ಸಹಾಯಕಿ ಶಿವರಂಜನಿ ಏನನ್ನೂ ಒತ್ತದೆ ನೋಡುತ್ತ ನಿಂತಳು, ಒತ್ತದಿದ್ದರೆ ಮೆಷಿನ್ನು ತಾನಾಗಿ ಮೇಲಿನದನ್ನೇ ಹಿಡಿಯುತ್ತದೆ, ಮೇಲಿನದು ಸತ್ತದ್ದು, ಹಿಡಿದರೆ ಬರೀ ನೀಲಿ ಪರದೆ, ಮುಂದೆ ಹೋಗದು, ಟಿ. ನರಸೀಪುರದ ಈ ಕಾಲೇಜು ಲ್ಯಾಬಿನ ಅಷ್ಟೂ ಮೆಷಿನ್ನುಗಳಲ್ಲಿ ಇದೇ ಜೋಡಿ, ಮಧ್ಯಾಹ್ನ ಪರೀಕ್ಷೆ, ಅಷ್ಟರೊಳಗೆ ಸರಿಹೋಗ್ಲಿಲ್ಲ ಅಂದ್ರೆ ಸೋಮವಾರದಿಂದ ನೀನು ಬರ್ಬೇಡ ಕಣಮ್ಮ, ನಂಜನಗೂಡಲ್ಲಿ ನಮ್ಮ ಬಾಮೈದ ದೀಪಕ್ ಇದ್ದಾನೆ, ಕಂಪ್ಯೂಟರ್ ಕಲ್ತವ್ನೆ — ಲ್ಯಾಬಿನ ಉಸ್ತುವಾರಿ ಮಲ್ಲಿಕಾರ್ಜುನ್ ಸರ್ ಅಂದದ್ದು ವಿದ್ಯಾರ್ಥಿನಿಯರೆಲ್ಲರ ಮುಂದೆ, ಬಾಯಲ್ಲಿ ಹಲ್ಲುಕಡ್ಡಿ ಆಡಿಸುತ್ತ, ಆ ಕಡ್ಡಿ ಗಂಟಲಿಗೆ ಇಳಿಯಲಿ ಎಂದುಕೊಂಡಳು, ಆಮೇಲೆ ನಾಲಗೆ ಕಚ್ಚಿಕೊಳ್ಳಲೂ ಇಲ್ಲ, ಇಳಿಯಲಿ. ತಪ್ಪು ಯಾರದು, ಹೊಸ ಮೆಷಿನ್ನುಗಳು ಬಂದಾಗ ಒಂದನ್ನು ಚೊಕ್ಕವಾಗಿ ಸಿದ್ಧಮಾಡಿ ಅದರ ನಕಲನ್ನೇ ಮಿಕ್ಕವಕ್ಕೆಲ್ಲ ಇಳಿಸೋಣ ಸರ್ ಎಂದವಳು ಇವಳು, ಆಯುಧಪೂಜೆಯಲ್ಲಿ ತಾವೇ ಕುಂಕುಮ ಒತ್ತಿದ ಹಳೇ ಮೆಷಿನ್ನು ತೋರಿಸಿ, ಪೂಜೆ ಆಗಿರೋದು ಇದಕ್ಕೆ, ಇದರಿಂದ್ಲೇ ಇಳ್ಸು, ಇದರಲ್ಲಿ ಒಂದಕ್ಷರ ಅಳಿಸ್ಬೇಡ, ಒಳ್ಳೇದಾಗಲ್ಲ ಅಂದವರು ಅವರು, ಅದರೊಳಗೋ ಎಂದೋ ಕಿತ್ತು ಬಿಸಾಡಿದ ಡಿಸ್ಕಿನ ಹೆಸರು ಇನ್ನೂ ಮೇಲಿನ ಸಾಲಾಗಿ ಹೆಣದ ಹಾಗೆ ಮಲಗಿತ್ತು, ಅಲ್ಲಿ ಕೆಳಗಿನದನ್ನು ಒತ್ತಿ ಒತ್ತಿ ಎಲ್ಲರಿಗೂ ಅಭ್ಯಾಸವಾಗಿ ಹೋಗಿತ್ತು, ನಕಲಿನ ಜೊತೆ ಆ ಹೆಣವೂ ಮೆಷಿನ್ನು ಮೆಷಿನ್ನಿಗೆ ಇಳಿಯಿತು, ಈಗ ಬೈಗುಳ ಇವಳಿಗೆ.

ಒಂದೇ ಮುಖದ ಇಬ್ಬರು ರಾಣೀರು ಕಣ್ ಮಗಾ, ಚಿಕ್ಕಂದಿನಲ್ಲಿ ಕವಲಂದೆಯ ಜಗುಲಿಯಲ್ಲಿ ಅಜ್ಜಿ ಚಿಕ್ಕಬಸಮ್ಮ ಅವರೆಕಾಳು ಹಿಸುಕುತ್ತ ಹೇಳುತ್ತಿದ್ದಳು, ಒಬ್ಬಳು ರಾಣಿ, ಇನ್ನೊಬ್ಬಳು ರಾಕ್ಸಸಿ, ಅದೇ ಸೀರೆ, ಅದೇ ಮೂಗುತಿ, ರಾಜಂಗೆ ದಿಕ್ಕೇ ತೋಚ್ನಿಲ್ಲ, ಆಗ ಕೇಳ್ದ, ನಿನ್ ತವರೂರು ಯಾವ್ದಮ್ಮಿ ಅಂತ, ರಾಕ್ಸಸಿಗೆ ಎಲ್ಲೀ ತವರು — ಹೌದಲ್ಲ, ತವರು ಕೇಳಬೇಕು, ಅವಳು ಕೆಳಗಿನದನ್ನು ಒತ್ತಿ ಒಳಹೊಕ್ಕು ಕಮಾಂಡು ಬರೆಯುವ ಕಿಟಕಿ ತೆರೆದಳು, ಪಟ್ಟಿ ಬಂತು, ಎರಡು ಹೆಸರು, ಪ್ರತಿಯೊಂದರಡಿ ಅದು ಯಾವ ಡಿಸ್ಕಿನದೆಂಬ ವಿಳಾಸ, ಒಂದಕ್ಕೆ ಸಿ ಡ್ರೈವ್ ಎಂದಿದೆ, ಇನ್ನೊಂದಕ್ಕೆ ಅನ್‌ನೋನ್, ಗೊತ್ತಿಲ್ಲ, ತವರಿಲ್ಲದವಳು ಸಿಕ್ಕಳು, ಅವಳ ಉದ್ದನೆಯ ಗುರುತುಸಂಖ್ಯೆ ಅಂಟಿಸಿ ಅಳಿಸು ಎಂದಳು, ಅಳಿಸಿತು, ಮತ್ತೆ ಆನ್ ಮಾಡಿದರೆ ಸಾಲೇ ಇಲ್ಲ, ನೇರ ಒಳಕ್ಕೆ, ಪಕ್ಕದ ಮೆಷಿನ್ನು, ಅದರ ಪಕ್ಕದ್ದು, ಬೆಳಿಗ್ಗೆ ಬಸ್ಸಿನಲ್ಲಿ ನಿಂತೇ ಬಂದ ಕಾಲು ಸಿಡಿಯುತ್ತಿದೆ, ಸಿಡಿಯಲಿ, ಕೊನೆಗೆ ಕುಂಕುಮದ ಮೆಷಿನ್ನು, ಅದರಲ್ಲೂ ಅಳಿಸಿದಳು, ಒಂದಕ್ಷರವಲ್ಲ, ಇಡೀ ಸಾಲು. ಮಲ್ಲಿಕಾರ್ಜುನ್ ಸರ್ ಇಣುಕಿ, ನೋಡ್ದ್ಯಾ, ಪೂಜೆ ಮಾಡಿದ್ದು ಕೈ ಬಿಡ್ಲಿಲ್ಲ ಅಂದರು, ಸರ್, ಹಾಗಾದ್ರೆ ಸೋಮವಾರ ನಾನು ಎಂದಳು ಇವಳು, ಬಾರಮ್ಮ, ಬೇಡ ಅಂದೋರ್ಯಾರು, ದೀಪಕ್‌ಗೂ ಮಾತು ಕೊಟ್ಬುಟ್ಟಿದ್ದೀನಿ, ಅವನೂ ಬರ್ತಾನೆ, ಇರೋದು ಒಂದೇ ಕೆಲಸ, ಸದ್ಯಕ್ಕೆ ಇಬ್ರೂ ಇರಿ, ಯಾರು ಅಂತ ಆಮೇಲೆ ನೋಡುವ — ಹಾಗೆನ್ನುತ್ತಲೇ ಬೋರ್ಡಿನ ಮೇಲೆ ಬರೆದರು, ಲ್ಯಾಬ್ ಸಹಾಯಕ ದೀಪಕ್, ಅದರ ಕೆಳಗೆ ಲ್ಯಾಬ್ ಸಹಾಯಕಿ ಶಿವರಂಜನಿ, ಪೆನ್ನಿನ ಮುಚ್ಚಳ ಹಾಕಿ ಹೋದರು, ಅವಳು ನಿಂತಳು, ಬೋರ್ಡಿನ ಮೇಲೆ ಎರಡು ಸಾಲು, ಒಂದೇ ಕೆಲಸ, ಯಾರೂ ಏನೂ ಒತ್ತದಿದ್ದರೆ ಮೇಲಿನದು, ಇಪ್ಪತ್ತೆಂಟು, ಇಪ್ಪತ್ತೇಳು, ಎರಡು ಸಾಲು, ಮೇಲಿನದು, ಎರಡು ಸಾಲು —